ಪದ ಪರಿಚಯ: ಬುಷ್‌ಲ್ಯಾಂಡ್

ಆಸ್ಟ್ರೇಲಿಯಾಕ್ಕೆ ಹೊಸದಾಗಿ ಬಂದವರನ್ನು ಯಾರಾದರೂ ‘ಭಾನುವಾರ ಬುಷ್‌ವಾಕ್‌ಗೆ ಬರ್ತೀರಾ?’ ಅಂತ ಕೇಳಿದರೆ ತಬ್ಬಿಬ್ಬಾಗುವುದು ಸಹಜ. ಬುಷ್ ಅಂದರೆ ಪೊದೆ ಅಂತ ತಾನೇ ನಾವು ಶಾಲೆಯಲ್ಲಿ ಕಲಿತದ್ದು? ಪೊದೆಯೊಳಗೆ ನಡೆಯೋದು ಹೇಗೆ?

ಕಾಡು ಎನ್ನುವ ಅರ್ಥದ ಒಂದು ಡಚ್ ಪದ ದಕ್ಷಿಣ ಆಫ್ರಿಕಾದ ದಾರಿಯಾಗಿ ಇಲ್ಲಿಗೆ ಬಂತು ಅನ್ನುತ್ತಾರೆ. ಬಂದ ಮೇಲೆ ಅದರ ಅರ್ಥ ಹಿಗ್ಗಿತು. ಪಟ್ಟಣದಿಂದ ದೂರದ ಹಳ್ಳಿಗಾಡಿಗೂ ಇಲ್ಲಿ ಬುಷ್ ಅಂತಲೇ ಹೇಳುವುದು. ಆದರೆ ‘ಬುಷ್‌ಲ್ಯಾಂಡ್’ ಸ್ವಲ್ಪ ಬಿಗಿಯಾದ ಪದ. ನಗರಗಳ ಒಳಗಿನ ಬುಷ್‌ಲ್ಯಾಂಡ್ ಕಾಪಾಡಲು ನ್ಯೂ ಸೌತ್ ವೇಲ್ಸ್ ರಾಜ್ಯ 1986ರಲ್ಲಿ ನಿಯಮ ತಂದಾಗ ಅದಕ್ಕೊಂದು ವ್ಯಾಖ್ಯೆಯನ್ನೂ ಕೊಟ್ಟಿತು. ಆ ನೆಲದಲ್ಲಿ ಮೂಲತಃ ಬೆಳೆಯುತ್ತಿದ್ದ ಗಿಡಮರಗಳ ಉಳಿಕೆ ಇರಬೇಕು. ಬದಲಾಗಿದ್ದರೂ ಹಿಂದಿನ ಗಿಡಗಳ ಜಾತಿ, ಅವು ನಿಂತಿದ್ದ ಬಗೆ ಇನ್ನೂ ಗುರುತು ಸಿಗುವಂತಿರಬೇಕು. ಮರ ಎತ್ತರ ಇರಬೇಕು ಅಂತೇನಿಲ್ಲ. ಮೊಣಕಾಲೆತ್ತರದ ಕುರುಚಲು ಕೂಡ ಬುಷ್‌ಲ್ಯಾಂಡೇ.

ಕೋಲಾರದ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮ ನೀಲಗಿರಿ ತೋಪು ನೆನಪಿಸಿಕೊಳ್ಳಿ. ನೀಲಗಿರಿ ಆಸ್ಟ್ರೇಲಿಯಾದ ಮರ. ಆದರೆ ಸಾಲಾಗಿ ನೆಟ್ಟ ಆ ತೋಪನ್ನು ಬುಷ್‌ಲ್ಯಾಂಡ್ ಅನ್ನೋಕಾಗಲ್ಲ. ನಮ್ಮಲ್ಲಿಗೆ ಬಂದದ್ದು ಮರ ಮಾತ್ರ, ಅದರ ಬಳಗ ಇಲ್ಲೇ ಉಳೀತು.

ಆ ಬಳಗ ಎಂಥದ್ದು ಅಂತ ನೋಡಬೇಕಾದರೆ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಪರ್ತ್ ಸುತ್ತಿನ ಮರಳು ನೆಲದಲ್ಲಿ ಒಂದು ಹೂವಿನ ಎದುರು ಮಂಡಿಯೂರಬೇಕು. ಹೆಸರು ಹ್ಯಾಮರ್ ಆರ್ಕಿಡ್. ನಾವು ಸುತ್ತಿಗೆ ಸೀತಾಳೆ ಅನ್ನೋಣ. ನೆಲಕ್ಕೆ ಅಂಟಿಕೊಂಡ ಹೃದಯದಾಕಾರದ ಒಂದೇ ಎಲೆ, ಕಡ್ಡಿಯಂಥ ದಂಟು, ತುದಿಯಲ್ಲಿ ಕಪ್ಪು-ಕಂದು ಬಣ್ಣದ ಒಂದು ಗಂಟು. ಹೂವು ಅನ್ನಿಸುವುದೇ ಇಲ್ಲ. ಹೆಣ್ಣು ಕಣಜದ ವೇಷ ಅದು. ಇಲ್ಲಿನ ಒಂದು ಬಗೆಯ ಕಣಜದಲ್ಲಿ ಹೆಣ್ಣಿಗೆ ರೆಕ್ಕೆ ಇಲ್ಲ. ಮಣ್ಣಲ್ಲಿರುವ ಗೊಣ್ಣೆಹುಳುವಿನ ಮೇಲೆ ಅವಳು ಮೊಟ್ಟೆ ಇಡುತ್ತಾಳೆ. ಗಂಡು ಬೇಕಾದಾಗ ಹುಲ್ಲುಕಡ್ಡಿ ಏರಿ ವಾಸನೆ ಬಿಡುತ್ತಾಳೆ. ಗಂಡು ಬಂದು ಎತ್ತಿಕೊಂಡು ಹಾರುತ್ತಾನೆ. ಸೀತಾಳೆ ಅದೇ ವಾಸನೆಯನ್ನೂ ನಕಲು ಮಾಡುತ್ತದೆ. ಗಂಡು ಕಣಜ ಆ ಗಂಟನ್ನು ತಬ್ಬಿ ಹಾರಲು ನೋಡಿದರೆ, ಅದು ನಿಂತಿರುವುದು ಬಾಗಿಲ ತಿರುಗಣಿಯಂಥ ಕೀಲಿನ ಮೇಲೆ. ಹಾರುವ ರಭಸಕ್ಕೇ ಅವನು ಪಲ್ಟಿ ಹೊಡೆದು ಎದುರಿಗಿರುವ ಹೂವಿನದೇ ಕಂಬಕ್ಕೆ, ಅಂದರೆ ಪರಾಗ ಇರುವ ಭಾಗಕ್ಕೆ ಬಡಿಯುತ್ತಾನೆ. ಬೆನ್ನಿಗೆ ಪರಾಗ ಅಂಟುತ್ತದೆ. ಪಾಪ, ಬುದ್ಧಿ ಕಲಿಯದೆ ಇನ್ನೊಂದು ಹೂವಿಗೆ ಹೋಗಿ ಅದೇ ಏಟು ತಿಂದರೇನೇ ಬೀಜ ಕಟ್ಟುವುದು.

ಬೀಜ ಕಟ್ಟಿದರೂ ಸಾಲದು. ಆ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿ ಇಲ್ಲ. ಮಣ್ಣಿನ ಶಿಲೀಂಧ್ರದ ಎಳೆ ಬಂದು ಉಣ್ಣಿಸಿದರೆ ಮಾತ್ರ ಮೊಳಕೆ. ಕಣಜ, ಗೊಣ್ಣೆಹುಳು, ಶಿಲೀಂಧ್ರ, ಇದರಲ್ಲಿ ಯಾವುದೊಂದು ಹೋದರೂ ಹೂವಿಲ್ಲ. ಕುಂಡದಲ್ಲಿ ತಂದಿಟ್ಟರೆ ಬರುವಂಥದ್ದಲ್ಲ ಇದು, ಅಲ್ವಾ?

ಇದಕ್ಕಿಂತ ವಿಚಿತ್ರವಾದ ಒಂದು ಆರ್ಕಿಡ್ ಇದೇ ರಾಜ್ಯದಲ್ಲಿ 1928ರಲ್ಲಿ ಒಬ್ಬ ರೈತನ ಕಣ್ಣಿಗೆ ಬಿತ್ತು. ಅದು ಅರಳುವುದೂ ನೆಲದೊಳಗೇ. ಹಸಿರೆಲೆ ಇಲ್ಲ. ಪಕ್ಕದ ಗಿಡದ ಬೇರಿನಿಂದ ಶಿಲೀಂಧ್ರದ ಮೂಲಕ ಊಟ ತರಿಸಿಕೊಳ್ಳುತ್ತದೆ.

ಬುಷ್‌ಲ್ಯಾಂಡ್ ನೋಡಲು ದೂರ ಹೋಗಬೇಕಿಲ್ಲ. ಪರ್ತ್ ನಗರದ ಮಗ್ಗುಲಲ್ಲೇ ಇರುವ ಕಿಂಗ್ಸ್ ಪಾರ್ಕ್ ಸುಮಾರು 400 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ ಸಾವಿರ ಎಕರೆ. ನಮ್ಮ ಲಾಲ್‌ಬಾಗ್ 240 ಎಕರೆ. ಈ ಪಾರ್ಕಿನ ಮೂರರಲ್ಲಿ ಎರಡು ಪಾಲು ಬುಷ್‌ಲ್ಯಾಂಡ್. ಯಾವಾಗ ಹೋಗಬೇಕು ಅನ್ನುವುದಕ್ಕೆ ಇಂಗ್ಲಿಷರ ನಾಲ್ಕು ಕಾಲಗಳಿಗಿಂತ ಇಲ್ಲಿನ ಮೂಲನಿವಾಸಿ ನೂಂಗಾರ್ ಜನರ ಆರು ಕಾಲಗಳ ಲೆಕ್ಕವೇ ಸರಿ: ಬಿರಾಕ್, ಬುನುರು, ಜೆರಾನ್, ಮಕುರು, ಜಿಲ್ಬಾ, ಕಂಬರಂಗ್. ಏಪ್ರಿಲ್-ಮೇ ತಿಂಗಳ ಜೆರಾನ್‌ನಲ್ಲಿ ರಾತ್ರಿ ತಂಪಾಗಿ ಇಬ್ಬನಿ ಬೀಳುತ್ತದೆ, ರೆಕ್ಕೆ ಇರುವೆಗಳು ಏಳುತ್ತವೆ. ಜೂನ್-ಜುಲೈ ಮಕುರು, ಮಳೆ ಮತ್ತು ಅಣಬೆಯ ಕಾಲ. ಆರ್ಕಿಡ್ ಹುಡುಕುವವರಿಗೆ ಆಗಸ್ಟ್-ಸೆಪ್ಟೆಂಬರ್‌ನ ಜಿಲ್ಬಾ. ಕಂಬರಂಗ್‌ನಲ್ಲಿ ಎಲ್ಲೆಲ್ಲೂ ಹೂವು, ಜೊತೆಗೆ ಹಾವು. ಕ್ಯಾಲೆಂಡರ್ ಪಕ್ಕಕ್ಕಿಟ್ಟು ‘ಆರಿದ್ರಾ ಹಿಡೀತು’ ಅನ್ನುವ ನಮ್ಮ ರೈತರಿಗೆ ಈ ಲೆಕ್ಕ ಹೊಸದೇನಲ್ಲ.

ಊರಲ್ಲಿ ಅಣಬೆ ಸಾರು ಉಂಡು ಬೆಳೆದವರಿಗೆ ಒಂದು ಮಾತು. ಇಲ್ಲಿ ಸುಮ್ನೆ ನೋಡಿ ಬನ್ನಿ, ಕೀಳಬೇಡಿ. ಊರಿನ ಅಣಬೆಯ ಹಾಗೆ ಕಂಡದ್ದು ಬೇರೆಯೇ ಆಗಿರಬಹುದು.

ಕಳೆದ ಜಿಲ್ಬಾದಲ್ಲಿ ಅಮ್ಮ ಬಂದಿದ್ದಾಗ ಒಂದು ಕಾಲುದಾರಿಗೆ ಕರೆದುಕೊಂಡು ಹೋಗಿದ್ದೆ. ದಾರಿ ಶುರುವಾಗುವಲ್ಲೇ ಬೂಟು ಉಜ್ಜುವ ಬ್ರಷ್ ಇಟ್ಟಿದ್ದರು. ಬೂಟಿಗಂಟಿದ ಮಣ್ಣಿನಲ್ಲಿ ‘ಡೈಬ್ಯಾಕ್’ ಅನ್ನುವ ಬೇರುಕೊಳೆ ರೋಗದ ಸೂಕ್ಷ್ಮಜೀವಿ ಬರುತ್ತದೆ. ಒಮ್ಮೆ ಮಣ್ಣು ಸೇರಿದರೆ ಬ್ಯಾಂಕ್ಸಿಯಾದಂಥ ಗಿಡಗಳನ್ನು ಒಣಗಿಸಿಬಿಡುತ್ತದೆ, ಓಡಿಸುವ ಉಪಾಯ ಇಲ್ಲ. ಇಷ್ಟನ್ನೂ ಹೇಳಿದೆ. ಅಮ್ಮ ಒಂದು ಕೈಯಲ್ಲಿ ನನ್ನ ಭುಜ ಹಿಡಿದು, ಸೀರೆ ಎತ್ತಿಕಟ್ಟಿ, ಬೂಟಿನ ಅಡಿಯನ್ನು ಎರಡು ಸಲ ಉಜ್ಜಿದರು. ಆಮೇಲೆ ನನ್ನ ಕಾಲು ನೋಡಿ, ‘ನಿನ್ನ ಹಿಮ್ಮಡಿ ಹತ್ರ ಇನ್ನೂ ಮಣ್ಣಿದೆ, ಸರಿಯಾಗಿ ಉಜ್ಜು’ ಅಂದರು.