ಒಂದು ಗಿಡವೋ, ಒಂದು ಎಕರೆಯೋ: ಗಾಂಜಾ ಬೆಳೆದರೆ ಶಿಕ್ಷೆ ಎಷ್ಟು?

2024ರ ಕೊನೆಯಲ್ಲಿ ಬೆಂಗಳೂರಿನ ಒಂದು ಮನೆಯ ಬಾಲ್ಕನಿ ದೊಡ್ಡ ಸುದ್ದಿಯಾಯಿತು. ಮನೆಯವರು ಹೂಕುಂಡಗಳನ್ನು ತೋರಿಸಿ ಫೇಸ್‌ಬುಕ್‌ಗೆ ಹಾಕಿದ್ದರು. ಅವುಗಳ ನಡುವೆ ಗಾಂಜಾ ಗಿಡವೂ ಇತ್ತು. ನೋಡಿದವರು ಪೊಲೀಸರಿಗೆ ಹೇಳಿದರು, ಕೇಸಾಯಿತು. ಆಗ ಸುಮಾರು ಜನ ಕೇಳಿದ್ದು ಒಂದೇ ಮಾತು: ಕುಂಡದಲ್ಲಿ ಒಂದೆರಡು ಗಿಡ ಇದ್ದರೆ ಎಷ್ಟು ವರ್ಷ ಜೈಲು?

ಕಾನೂನಿನ ಉತ್ತರ, 10 ವರ್ಷದವರೆಗೆ. ಎಕರೆಗಟ್ಟಲೆ ಬೆಳೆದರೆ? ಅದಕ್ಕೂ 10 ವರ್ಷದವರೆಗೆ. ಗೊಂದಲ ಶುರುವಾಗುವುದೇ ಇಲ್ಲಿಂದ.

ಬ್ರಿಟಿಷರ ಕಾಲದಲ್ಲಿ ಗಾಂಜಾ ಸುಂಕ ತರುವ ಸರಕಾಗಿತ್ತು. 1893-94ರ ಆಯೋಗ ಪೂರ್ತಿ ನಿಷೇಧ ಬೇಡ ಎಂದಿತ್ತು. ಮಾದಕ ವಸ್ತುಗಳನ್ನು ಹಿಡಿತಕ್ಕೆ ತರುವ 1961ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸೇರಿತು. 1985ರ ನವೆಂಬರ್ 14ರಂದು ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ತಡೆ ಕಾಯ್ದೆ, ಜಾರಿಗೆ ಬಂತು.

ಆ ಮೊದಲ ಕಾಯ್ದೆಯಲ್ಲಿ ಗಾಂಜಾ ಗಿಡ ಬೆಳೆದರೆ 5 ವರ್ಷದವರೆಗೆ ಕಠಿಣ ಸಜೆ, 50 ಸಾವಿರ ರೂಪಾಯಿವರೆಗೆ ದಂಡ. 2001ರಲ್ಲಿ ದೊಡ್ಡ ತಿದ್ದುಪಡಿ ಬಂತು. ಸಣ್ಣವರಿಗೂ ದೊಡ್ಡ ದಂಧೆಯವರಿಗೂ ಒಂದೇ ಶಿಕ್ಷೆ ಸರಿಯಲ್ಲ, ತೂಕ ನೋಡಿ ಶಿಕ್ಷೆ ಕೊಡಬೇಕು ಎಂಬುದು ಅದರ ಉದ್ದೇಶ. ಒಳ್ಳೆಯದೇ ಅಲ್ವಾ? ಗಾಂಜಾ 1 ಕಿಲೋವರೆಗೆ ಇದ್ದರೆ ಸಣ್ಣ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ ಎಂದಾಯಿತು. ಆದರೆ ಗಿಡ ಬೆಳೆಯುವುದಕ್ಕೆ ಈ ಮೆಟ್ಟಿಲುಗಳೇ ಇಲ್ಲ. 20(ಎ) ಕಲಂನಲ್ಲಿ ಗಿಡದ ಲೆಕ್ಕವೂ ಇಲ್ಲ, ತೂಕವೂ ಇಲ್ಲ. ಜೊತೆಗೆ ಗರಿಷ್ಠ ಶಿಕ್ಷೆ 10 ವರ್ಷಕ್ಕೆ, ದಂಡ 1 ಲಕ್ಷಕ್ಕೆ ಏರಿತು.

ಹೀಗಾಗಿ ಇವತ್ತು 900 ಗ್ರಾಂ ಒಣ ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದವನಿಗೆ ಜಾಸ್ತಿ ಅಂದರೆ 1 ವರ್ಷ. ಕುಂಡದಲ್ಲಿ ಒಂದು ಗಿಡ ಬೆಳೆಸಿದವನಿಗೆ 10 ವರ್ಷದವರೆಗೆ ಆಗಬಹುದು. ಕನಿಷ್ಠ ಶಿಕ್ಷೆ ಇಷ್ಟೇ ಎಂದು 20(ಎ) ಹೇಳುವುದಿಲ್ಲ ಎಂಬುದೇ ಸಮಾಧಾನ. ಜಡ್ಜ್ ಕಡಿಮೆ ಕೊಡಬಹುದು. ಆದರೆ ಶಿಕ್ಷೆಯ ಮಾತು ಬರುವುದು ಕೊನೆಗೆ. ಅದಕ್ಕಿಂತ ಮುಂಚೆ ಜಾಮೀನು ಇದೆ, ನಿಜವಾದ ಕಷ್ಟ ಅಲ್ಲಿದೆ.

ದಾಳಿ ಆದ ದಿನ ಹೊಲದಲ್ಲಿ ಏನಾಗುತ್ತದೆ ನೋಡಿ. ಅರಿಶಿನ, ಕಬ್ಬು ಅಥವಾ ಜೋಳದ ಸಾಲುಗಳ ಮಧ್ಯೆ ಆಳೆತ್ತರದ ಗಿಡಗಳು. ಬೇರುಸಮೇತ ಕಿತ್ತು, ಮಣ್ಣು ಕೊಡವಿ, ಹೊರೆ ಕಟ್ಟಿ ತಕ್ಕಡಿಗೆ ಹಾಕುತ್ತಾರೆ. ಬೇರು, ದಂಟು, ಹಸಿ ಎಲೆ ಎಲ್ಲ ಸೇರಿ ತೂಕ. 20 ಕಿಲೋ ದಾಟುವುದು ಎಷ್ಟು ಹೊತ್ತಿನ ಮಾತು? ಮಹಜರಿನಲ್ಲಿ ಅದೇ ಅಂಕಿ ಕೂರುತ್ತದೆ. ವಾಣಿಜ್ಯ ಪ್ರಮಾಣದ ಕಲಂ ಸೇರಿತೆಂದರೆ ಕನಿಷ್ಠವೇ 10 ವರ್ಷ, ಗರಿಷ್ಠ 20. ಆಗ 37ನೇ ಕಲಂ ಅಡ್ಡ ಬರುತ್ತದೆ. ಆರೋಪಿ ತಪ್ಪು ಮಾಡಿಲ್ಲ ಎನ್ನಲು ಕಾರಣವಿದೆ ಎಂದು ಕೋರ್ಟಿಗೆ ಅನಿಸದೆ ಜಾಮೀನು ಸಿಗುವುದಿಲ್ಲ.

ಆದರೆ ಅದೇ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ ಮಾತ್ರ. ತುದಿಯ ಜೊತೆ ಇಲ್ಲದ ಎಲೆ, ಬೀಜ ಗಾಂಜಾ ಅಲ್ಲ. ಹಾಗಾದರೆ ಬೇರಿನ ತೂಕ ಯಾಕೆ ಸೇರಬೇಕು? ಜಾಮೀನು ಅರ್ಜಿಗಳಲ್ಲಿ ಹೈಕೋರ್ಟ್‌ಗಳು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತಿವೆ. ಹೊಲದಲ್ಲೇ ತುದಿ ಬೇರೆ ಮಾಡಿ ತೂಗಿದ್ದರೆ ಎಷ್ಟೋ ಅರ್ಜಿಗಳು ಬೆಂಗಳೂರಿನವರೆಗೆ ಬರುತ್ತಲೇ ಇರಲಿಲ್ಲ.

ಇನ್ನೊಂದು ಗಂಟು, ಬೆಳೆದವರು ಯಾರು ಎಂಬುದು. ಹೈಕೋರ್ಟ್ ಗೇಟಿನ ಹತ್ತಿರ ಬೆಳಗ್ಗೆ ನಿಂತರೆ ರಾತ್ರಿ ಬಸ್ಸಿಗೆ ಬಂದ ಮನೆಯವರು ಕಾಣುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ನಾಲ್ಕು ಮಡಿಕೆಯ ಪಹಣಿ. ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರು, ಖಾತೆ ಬದಲಾಗಿಲ್ಲ. ಉಳುತ್ತಿದ್ದವರು ಗುತ್ತಿಗೆಯವರು. ಜೈಲಿನಲ್ಲಿರುವವನು ಮೊಮ್ಮಗ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದ ಜಮೀನುದಾರನೂ ಕಾಯ್ದೆಯ 46ನೇ ಕಲಂನಲ್ಲಿ ಸಿಕ್ಕಿಕೊಳ್ಳುತ್ತಾನೆ. 47ನೇ ಕಲಂ ಊರಿನ ಪಂಚಾಯ್ತಿಯವರಿಗೂ ಅದೇ ಹೊಣೆ ಹೊರಿಸಿದೆ. ಆದರೆ ಮಹಜರಿನಲ್ಲಿ ಮೊದಲು ಕಾಣುವ ಹೆಸರು ಹೊಲದಲ್ಲಿ ಸಿಕ್ಕವನದ್ದು. ಬೆಳೆಗೆ ಮುಂಗಡ ಕೊಟ್ಟವರು ಹೊಲಕ್ಕೆ ಬರುವುದೇ ಇಲ್ಲ.

ಇದರಲ್ಲಿ ಸುಪ್ರೀಂ ಕೋರ್ಟ್ ಒಂದು ದಾರಿ ತೋರಿಸಿದೆ. ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ, ಬೇರೆ ಗಿಡಗಳ ನಡುವೆ ಕೆಲವು ಗಾಂಜಾ ಗಿಡ ಕಂಡ ಮಾತ್ರಕ್ಕೆ ಅಪರಾಧ ಸಾಬೀತಾಗದು, ಆರೋಪಿಯೇ ಬೆಳೆದ ಎನ್ನಲು ಬೇರೆ ಸಾಕ್ಷ್ಯ ಬೇಕು ಎಂದು ಹೇಳಿ ಬಿಡುಗಡೆ ಮಾಡಿತು. ವಕೀಲರು ಇಂದಿಗೂ ಈ ತೀರ್ಪನ್ನೇ ಹಿಡಿಯುತ್ತಾರೆ.

ಮನೆಯವರು ಫೈಲ್ ಹಿಡಿದು ಬಂದರೆ ಮೊದಲು ನೋಡಬೇಕಾದ್ದು ಮೂರು ವಿಷಯ. ಮಹಜರಿನಲ್ಲಿ ಗಿಡಗಳ ಸಂಖ್ಯೆ ಬರೆದಿದ್ದಾರಾ, ತುದಿಯನ್ನು ಬೇರೆ ತೂಗಿದ್ದಾರಾ, ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದ ಸ್ಯಾಂಪಲ್‌ನಲ್ಲಿ ಹೂವಿನ ತುದಿ ಇತ್ತಾ.