ರೊಟ್ಟಿ ಸುಟ್ಟ ದಿನ ಮಾತ್ರ ಕಾಣುವ ಕೈ

ರಾಯಚೂರಿನಲ್ಲಿ ಆಪ್ತ ಸಮಾಲೋಚನೆಗೆಂದು ನನ್ನ ಬಳಿ ಬರುವ ದಂಪತಿಗಳು ಜಗಳದ ಮೂಲವನ್ನು ಹಣವೆಂದೋ, ಅತ್ತೆಯೆಂದೋ, ಮೊಬೈಲೆಂದೋ ಹೇಳುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಹೊರಬರುವ ಮಾತೇ ಬೇರೆ. ಶಕ್ತಿನಗರದ ಕಡೆಯ ಒಬ್ಬ ಗೃಹಿಣಿ (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ), ಗಂಡನ ಬೆಳಗಿನ ಪಾಳಿಗಾಗಿ ನಾಲ್ಕು ಗಂಟೆಗೆ ಎದ್ದು ಜೋಳದ ರೊಟ್ಟಿ ಬಡಿದು ಬುತ್ತಿ ಕಟ್ಟುವವರು, "ರೊಟ್ಟಿ ಸುಟ್ಟ ದಿನ ಮಾತ್ರ ನಾನು ಇವರ ಕಣ್ಣಿಗಿ ಕಾಣ್ತೀನ್ರಿ ಮೇಡಂ" ಎಂದರು. ಗಂಡ ನಿಜಕ್ಕೂ ಗಲಿಬಿಲಿಗೊಂಡರು: "ಮನಿಯಾಕಿಗಿ ಯಾರರ ಥ್ಯಾಂಕ್ಸ್ ಹೇಳ್ತಾರೇನ್ರಿ?"

ಅವರ ಪ್ರಶ್ನೆಯನ್ನು ನಾನು ತಳ್ಳಿಹಾಕಲಿಲ್ಲ. 'ಧನ್ಯವಾದ' ನಮಗೆ ವೇದಿಕೆಯ ಮಾತು, 'ಥ್ಯಾಂಕ್ಸ್' ಹೊರಗಿನವರಿಗೆ ಹೇಳುವ ಮಾತು. ಮನೆಯೊಳಗೆ ಅವನ್ನು ಬಳಸಿದರೆ ಆಡಿದವರಿಗೂ ಕೇಳಿದವರಿಗೂ ಮುಜುಗರವೇ. ಆ ಪದ ಬೇಕಾಗಿಯೂ ಇಲ್ಲ.

ಇಬ್ಬರಿಗೂ ಬೇರೆ ಬೇರೆ ಹಾಳೆ ಕೊಟ್ಟು, ಮನೆಯ ಹೊರೆಯಲ್ಲಿ ತಮ್ಮ ಪಾಲು ನೂರಕ್ಕೆ ಎಷ್ಟೆಂದು ಬರೆಯಲು ಹೇಳಿದೆ. ಆಕೆ 80 ಎಂದು ಬರೆದರು, ಅವರು 50 ಎಂದು. ಇದರಲ್ಲಿ ಯಾರ ಸುಳ್ಳೂ ಇಲ್ಲ. ಮನೋವಿಜ್ಞಾನಿಗಳಾದ ಮೈಕಲ್ ರಾಸ್ ಮತ್ತು ಫಿಯೋರ್ ಸಿಕೋಲಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ದಂಪತಿಗಳು ಹೇಳಿದ ಪಾಲುಗಳನ್ನು ಕೂಡಿದಾಗ ಮೊತ್ತ ಸಾಮಾನ್ಯವಾಗಿ ನೂರನ್ನು ಮೀರಿತ್ತು. ನಾವು ಮಾಡಿದ್ದು ನಮಗೆ ಸುಲಭವಾಗಿ ನೆನಪಾಗುತ್ತದೆ, ಇನ್ನೊಬ್ಬರು ಮಾಡಿದ್ದರಲ್ಲಿ ಬಹುಪಾಲು ನಮ್ಮ ಕಣ್ಣಿಗೇ ಬಿದ್ದಿರುವುದಿಲ್ಲ. ಗಂಡ ದಿನವೂ ಶುದ್ಧ ನೀರಿನ ಘಟಕದಿಂದ ಎರಡು ಕ್ಯಾನ್ ಹೊತ್ತು ಮೂರನೆಯ ಮಹಡಿಗೆ ತರುತ್ತಿದ್ದುದು ಹೆಂಡತಿಯ ಹಾಳೆಯಲ್ಲಿ ಇರಲೇ ಇಲ್ಲ.

ಮೆಚ್ಚುಗೆ ಹೇಳುವ ರೀತಿಯಲ್ಲಿಯೂ ವ್ಯತ್ಯಾಸವಿದೆ. ಮನೋವಿಜ್ಞಾನಿ ಸಾರಾ ಆಲ್ಗೋ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದಂತೆ, ನಮಗಾದ ಲಾಭವನ್ನು ಹೇಳುವುದಕ್ಕಿಂತ ಎದುರಿನವರ ಗುಣವನ್ನು ಎತ್ತಿ ಹೇಳುವ ಕೃತಜ್ಞತೆ ಕೇಳಿದವರ ಮನಸ್ಸಿಗೆ ಹೆಚ್ಚು ತಟ್ಟುತ್ತದೆ. "ಹೊಟ್ಟಿ ತುಂಬಿತು" ಎನ್ನುವುದು ನನ್ನ ಹೊಟ್ಟೆಯ ಸುದ್ದಿ. "ಇಂಥಾ ಸೆಕಿಯಾಗ ಒಲಿ ಮುಂದ ಕುಂತು ಬಡದೀದಿ, ನಾನಾಗಿದ್ರ ಹೋಟೆಲಿಗಿ ಹೋಗೂಣಂತಿದ್ದೆ" ಎಂದರೆ ಆಕೆಯ ಸೈರಣೆಯನ್ನು ಕಂಡಂತಾಯಿತು.

ಕೂಡು ಕುಟುಂಬದವರಿಗೆ ಒಂದು ಕಿವಿಮಾತು: ಹೆಂಡತಿಯನ್ನು ತಾಯಿಯ ಎದುರು ಹೊಗಳುವ ಉತ್ಸಾಹ ಬೇಡ, ಅದರ ಬೆಲೆಯನ್ನು ಮರುದಿನ ತೆರುವವಳು ಅವಳೇ. ಬೈಕಿನ ಮೇಲೆ ಹೋಗುವಾಗಲೋ, ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸುವಾಗಲೋ ಹೇಳಬಹುದು. ಇನ್ನು ಕೈ ಎತ್ತುವ ಗಂಡನಿರುವ ಮನೆಗೆ ಹೀಗೆ ಮೆಚ್ಚಿ ಹೇಳುವ ಅಭ್ಯಾಸವನ್ನು ನಾನು ಕೊಡುವುದಿಲ್ಲ. ಅಲ್ಲಿ ಮೊದಲು ಬೇಕಾದದ್ದು ಸುರಕ್ಷತೆ, 181 ಮಹಿಳಾ ಸಹಾಯವಾಣಿ. ಮೆಚ್ಚುಗೆಯ ಮಾತು ಕೆಲಸದ ಹಂಚಿಕೆಗೂ ಬದಲಿಯಲ್ಲ.

ಮೂರನೆಯ ಭೇಟಿಯಲ್ಲಿ ಮೊದಲು ಮಾತಾಡಿದವರು ಆಕೆ. "ಬೆನ್ನು ನೋವಿದ್ರೂ ನೀರು ತಪ್ಪಿಸಿಲ್ಲ ನೀವು" ಎಂದು ಒಂದು ಸಂಜೆ ಅಂದರಂತೆ. ಗಂಡ ಏನೂ ಉತ್ತರಿಸದೆ ಕ್ಯಾನ್ ಇಳಿಸಿ, ಅಡುಗೆಮನೆಗೆ ಹೋಗಿ ಮರುದಿನದ ಜೋಳದ ಹಿಟ್ಟನ್ನು ತಾವೇ ಜರಡಿ ಹಿಡಿದರಂತೆ. "ಅರ್ಧ ಹಿಟ್ಟು ನೆಲದ ಮ್ಯಾಲ ಚೆಲ್ಲಿದ್ರಿ" ಎಂದು ಆಕೆ ನಕ್ಕರು.