ಬರೆದವರ ಕೈ ತಪ್ಪಿದ ಹಾಡು: ಹೌ ದೆಜಿಯನ್ ಮತ್ತು ‘ಡ್ರ್ಯಾಗನ್ ವಂಶಸ್ಥರು’

ಮ್ಯಾಂಡರಿನ್ ಎಂಬ ಚೀನೀ ಭಾಷೆಯ ಪಾಪ್ ಸಂಗೀತದಲ್ಲಿ ಪ್ರೇಮಗೀತೆಗಳಿಗೆ ಲೆಕ್ಕವಿಲ್ಲ. ಆದರೆ ಎರಡು ಸರ್ಕಾರಗಳ ನಿದ್ದೆ ಕೆಡಿಸಿದ ಹಾಡು ಅಪರೂಪ. ‘ಡ್ರ್ಯಾಗನ್ ವಂಶಸ್ಥರು’ ಅಂಥದ್ದು. ಮ್ಯಾಂಡರಿನ್‌ನಲ್ಲಿ ಇದರ ಹೆಸರು ‘ಲೊಂಗ್ ದ ಚುವಾನ್‌ರೆನ್’. ಡ್ರ್ಯಾಗನ್ ವಂಶಸ್ಥರು ಅಂದರೆ ಚೀನೀಯರು. ತೈವಾನ್ ಸರ್ಕಾರ ಮೊದಲು ಇದನ್ನು ತಲೆ ಮೇಲೆ ಹೊತ್ತು ಮೆರೆಸಿತು, ಐದು ವರ್ಷದೊಳಗೆ ನಿಷೇಧಿಸಿತು. ಚೀನಾ ಸರ್ಕಾರ ಬರೆದವರನ್ನು ಕೈ ಹಿಡಿದು ಬರಮಾಡಿಕೊಂಡಿತು, ಏಳು ವರ್ಷಕ್ಕೆ ದೋಣಿ ಹತ್ತಿಸಿ ಹೊರಗೆ ಕಳಿಸಿತು. ಹಾಡು ಮಾತ್ರ ಎರಡೂ ಕಡೆ ಉಳಿಯಿತು.

ಬರೆದವರು ಹೌ ದೆಜಿಯನ್. ಅವರನ್ನು ಅರ್ಥಮಾಡಿಕೊಳ್ಳಬೇಕಾದರೆ ಹುಟ್ಟಿದ ಜಾಗದಿಂದಲೇ ಶುರುಮಾಡಬೇಕು.

1949ರಲ್ಲಿ ಚೀನಾದ ಅಂತರ್ಯುದ್ಧ ಮುಗಿಯಿತು. ಮಾವೋ ಕಡೆಯವರು ಗೆದ್ದರು. ಸೋತ ಚಿಯಾಂಗ್ ಕೈ-ಶೇಕ್ ತಮ್ಮ ಸೈನ್ಯ, ಅಧಿಕಾರಿಗಳು, ಅವರ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ತೈವಾನ್ ದ್ವೀಪಕ್ಕೆ ಬಂದರು. ಹೀಗೆ ಬಂದ ಸೈನಿಕರ ಕುಟುಂಬಗಳಿಗೆ ದ್ವೀಪದ ತುಂಬ ಕಾಲೋನಿಗಳನ್ನು ಕಟ್ಟಲಾಯಿತು. ಸಣ್ಣ ಮನೆಗಳು, ಬಿದಿರಿನ ಬೇಲಿ, ಒಂದಕ್ಕೊಂದು ಅಂಟಿಕೊಂಡ ಗೋಡೆಗಳು. ಒಂದೊಂದು ಮನೆಯಲ್ಲಿ ಚೀನಾದ ಒಂದೊಂದು ಪ್ರಾಂತ್ಯದ ಅಡುಗೆ, ಒಂದೊಂದು ಪ್ರಾಂತ್ಯದ ಮಾತು. ದೊಡ್ಡವರೆಲ್ಲ ‘ಇವತ್ತಲ್ಲ ನಾಳೆ ಊರಿಗೆ ವಾಪಸ್ ಹೋಗ್ತೀವಿ’ ಎಂದೇ ನಂಬಿದ್ದರು. ಮಕ್ಕಳು ಆ ಊರನ್ನು ಕಣ್ಣಿಂದ ಕಂಡಿರಲಿಲ್ಲ.

ಹೌ ಹುಟ್ಟಿದ್ದು ಅಂಥ ಒಂದು ಕಾಲೋನಿಯಲ್ಲಿ, 1956ರಲ್ಲಿ, ದಕ್ಷಿಣ ತೈವಾನಿನ ಕಾವ್‌ಶಿಯುಂಗ್ ಬಳಿಯ ಗಾಂಗ್‌ಶಾನ್ ಎಂಬಲ್ಲಿ. ತಂದೆಯ ಊರು ಯಾಂಗ್ತ್ಸೆ ನದಿಯ ಕಮರಿಗಳಲ್ಲಿರುವ ವುಶಾನ್. ತಾಯಿ ಹುನಾನ್ ಪ್ರಾಂತ್ಯದವರು. ಹುಡುಗನಿಗೆ ಯಾಂಗ್ತ್ಸೆ ಅಂದರೆ ಮನೆಯಲ್ಲಿ ಕೇಳಿದ ಕಥೆ ಮತ್ತು ಶಾಲೆಯ ಭೂಪಟದ ಒಂದು ಗೆರೆ, ಅಷ್ಟೇ. ಮುಂದೆ ಆ ಹಾಡಿನ ಮೊದಲ ಸಾಲುಗಳಲ್ಲಿ ಬಂದದ್ದು ಇದೇ ನದಿ. ದೂರದ ಪೂರ್ವದಲ್ಲಿ ಒಂದು ನದಿ ಇದೆ, ಅದರ ಚೆಲುವನ್ನು ನಾನು ಕಂಡಿಲ್ಲ, ಕನಸಲ್ಲಿ ಅದರ ನೀರಿನ ಮೇಲೆ ತೇಲಿದ್ದೇನೆ ಎಂಬ ಅರ್ಥದ ಸಾಲುಗಳವು. ಹಾಡಿನ ಹೆಸರು ಡ್ರ್ಯಾಗನ್ನಿನದಾದರೂ ನನಗೆ ಅದರ ಜೀವ ಇರುವುದು ಈ ನದಿಯಲ್ಲಿ. ನೋಡದ ಊರಿಗಾಗಿ ಹಂಬಲಿಸುವ ಮಗ ಬರೆದ ಹಾಡು ಅದು. ಈ ಹಂಬಲವೇ ಮುಂದೆ ಅವರಿಂದ ಏನೇನೋ ಮಾಡಿಸಿತು.

1970ರ ದಶಕದ ತೈವಾನಿನಲ್ಲಿ ಕಾಲೇಜು ಹುಡುಗರು ಹೆಚ್ಚಾಗಿ ಕೇಳುತ್ತಿದ್ದದ್ದು, ಹಾಡುತ್ತಿದ್ದದ್ದು ಅಮೆರಿಕದ ಹಾಡುಗಳನ್ನು. 1976ರ ಡಿಸೆಂಬರಿನಲ್ಲಿ ತಮ್‌ಕಾಂಗ್ ಕಾಲೇಜಿನ ಒಂದು ಕಾರ್ಯಕ್ರಮದಲ್ಲಿ ಲಿ ಶುವಾಂಗ್‌ಝ ಎಂಬ ಯುವಕ ಕೋಕಾಕೋಲಾ ಬಾಟಲಿ ಹಿಡಿದು ವೇದಿಕೆ ಹತ್ತಿದ. ಎಲ್ಲಿ ಹೋದರೂ ಯುವಕರು ಇದನ್ನೇ ಕುಡಿಯುತ್ತಾರೆ, ಇಂಗ್ಲಿಷ್ ಹಾಡನ್ನೇ ಹಾಡುತ್ತಾರೆ, ನಮ್ಮ ಹಾಡು ಎಲ್ಲಿ ಎಂದು ಕೇಳಿದ. ಸಭೆಯಲ್ಲಿ ಗದ್ದಲವಾಯಿತು. ಪ್ರಶ್ನೆ ಮಾತ್ರ ನಾಟಿತು. ಅದಕ್ಕೂ ಒಂದು ವರ್ಷ ಮೊದಲೇ ಯಾಂಗ್ ಶಿಯನ್ ಎಂಬ ಗಾಯಕ ಆಧುನಿಕ ಚೀನೀ ಕವಿತೆಗಳಿಗೆ ರಾಗ ಹಾಕಿ ರಾಜಧಾನಿ ತೈಪೆಯಲ್ಲಿ ಕಛೇರಿ ಮಾಡಿದ್ದರು. ಗಿಟಾರ್ ಹಿಡಿದ ವಿದ್ಯಾರ್ಥಿಗಳು ತಮ್ಮ ಮಾತಲ್ಲೇ ಹಾಡು ಕಟ್ಟುವುದು ಶುರುವಾಯಿತು. ಇದನ್ನೇ ಕ್ಯಾಂಪಸ್ ಜಾನಪದ ಹಾಡು ಎಂದು ಕರೆದರು. ಮುಂದಿನ ಮ್ಯಾಂಡರಿನ್ ಪಾಪ್‌ನ ಎಷ್ಟೋ ದೊಡ್ಡ ಹೆಸರುಗಳು ಬೆಳೆದದ್ದು ಈ ನೆಲದಲ್ಲೇ.

ಹೌ ಈ ಗುಂಪಿನವರು. ತೈಪೆಯ ಚೆಂಗ್‌ಚಿ ವಿಶ್ವವಿದ್ಯಾಲಯದಲ್ಲಿ ಓದಿದವರು. ಗದ್ದೆ ಕೆಸರಲ್ಲಿ ಮೀನು ಹಿಡಿಯುವ ಮಕ್ಕಳ ಬಗ್ಗೆ ಅವರು ಬರೆದ ಹಾಡು ಇವತ್ತಿಗೂ ತೈವಾನಿನ ಮಕ್ಕಳ ಬಾಯಲ್ಲಿದೆ. 1983ರ ಒಂದು ಚಲನಚಿತ್ರಕ್ಕೆ ಅವರು ರಾಗ ಹಾಕಿ, ಲುವೊ ದಾಯೌ ಜೊತೆ ಸಾಹಿತ್ಯವನ್ನೂ ಬರೆದ ಹಾಡನ್ನು ಸು ರುಯಿ ಹಾಡಿದರು. ಅದರ ಪಲ್ಲವಿಯೇ ಬೀದಿಯಲ್ಲಿ ಖಾಲಿ ಬಾಟಲಿ ಕೊಳ್ಳುವವನ ಕೂಗು. ನಮ್ಮ ಬೀದಿಗಳಲ್ಲಿ ‘ಹಳೇ ಪೇಪರ್, ಖಾಲಿ ಸೀಸೆ’ ಅಂತ ಕೂಗುತ್ತಿದ್ದರಲ್ಲ, ಅದೇ ಥರ. ಸಣ್ಣ ಜನರ ಬದುಕನ್ನು ಅಕ್ಕರೆಯಿಂದ ನೋಡುವ ಈ ಹೌ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ. ಆ ಒಂದು ಹಾಡಿನ ನೆರಳು ಅಷ್ಟು ದೊಡ್ಡದು.

ಆ ಹಾಡು ಹುಟ್ಟಿದ್ದು ಒಂದು ಸುದ್ದಿಯಿಂದ. ತೈವಾನ್ 1971ರಲ್ಲೇ ವಿಶ್ವಸಂಸ್ಥೆಯ ಸ್ಥಾನ ಕಳೆದುಕೊಂಡಿತ್ತು. ಮರುವರ್ಷ ಜಪಾನ್ ಸಂಬಂಧ ಕಡಿದುಕೊಂಡಿತು. ಉಳಿದಿದ್ದ ದೊಡ್ಡ ಆಸರೆ ಅಮೆರಿಕ. 1978ರ ಡಿಸೆಂಬರ್ ಮಧ್ಯದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಆ ಆಸರೆಯನ್ನೂ ತೆಗೆದರು. 1979ರ ಜನವರಿ 1ರಿಂದ ಅಮೆರಿಕ ಬೀಜಿಂಗ್ ಸರ್ಕಾರವನ್ನು ಮಾನ್ಯ ಮಾಡುತ್ತದೆ, ತೈಪೆ ಜೊತೆಗಿನ ರಾಜತಾಂತ್ರಿಕ ಸಂಬಂಧ ಮುಗಿಯುತ್ತದೆ ಎಂದು ಘೋಷಿಸಿದರು. ತೈವಾನಿನಲ್ಲಿ ನಡೆಯಬೇಕಿದ್ದ ಚುನಾವಣೆ ನಿಂತಿತು. ವಿದ್ಯಾರ್ಥಿಗಳು ಬೀದಿಗಿಳಿದರು. 22 ವರ್ಷದ ಹೌ ಹಾಡು ಬರೆದರು.

ಸಿಟ್ಟಿನ ಹೊತ್ತಲ್ಲಿ ಬಂದ ಹಾಡಾದರೂ ಅದರ ಧಾಟಿ ಶೋಕದ್ದು. ಸರಳ ರಾಗ, ಮತ್ತೆ ಮತ್ತೆ ಅದೇ ನಡೆ. ನೂರು ವರ್ಷ ಹಿಂದಿನ ಒಂದು ಶಾಂತ ರಾತ್ರಿಯನ್ನು ಗುಂಡಿನ ಸದ್ದು ಒಡೆದ ಚಿತ್ರ ಅದರಲ್ಲಿದೆ. ಸುತ್ತಲೂ ಶತ್ರುಗಳು, ಅವರ ಕತ್ತಿಗಳು. ಹೌ ಮೊದಲು ಬರೆದದ್ದು ‘ಪರದೇಶಿಯರ ಕತ್ತಿ’ ಎಂದು. ಹಾಡು ಹೊರಬರುವ ಹೊತ್ತಿಗೆ ಅದು ‘ರಾಜಿ ಮಾಡಿಕೊಂಡವರ ಕತ್ತಿ’ ಆಗಿತ್ತು. ಆಮೇಲೆ ಎಲ್ಲರೂ ಕೊರಳೆತ್ತಿ ಹಾಡುವ ಸಾಲು ಬರುತ್ತದೆ: ಕಪ್ಪು ಕಣ್ಣು, ಕಪ್ಪು ಕೂದಲು, ಹಳದಿ ಚರ್ಮ, ಎಂದೆಂದಿಗೂ ನಾವು ಡ್ರ್ಯಾಗನ್ ವಂಶಸ್ಥರು.

1980ರಲ್ಲಿ ಲಿ ಜಿಯನ್‌ಫು ಎಂಬ ಯುವ ಗಾಯಕನ ದನಿಯಲ್ಲಿ ಅದು ದ್ವೀಪದ ತುಂಬ ಹಬ್ಬಿತು. ಸರ್ಕಾರಕ್ಕೆ ಖುಷಿಯೋ ಖುಷಿ. ಜನರ ಗಾಯಕ್ಕೆ ಇಂಥ ಮುಲಾಮು ಬೇಕಿತ್ತು. ಆದರೆ ಹಾಡಿನಲ್ಲಿ ದುಃಖ ಜಾಸ್ತಿ, ಛಲ ಕಡಿಮೆ ಅನ್ನಿಸಿತು. ವಾರ್ತಾ ಇಲಾಖೆಯ ಮುಖ್ಯಸ್ಥ ಜೇಮ್ಸ್ ಸೂಂಗ್ ಕೊನೆಗೆ ಹುರುಪಿನ ಸಾಲುಗಳನ್ನು ಸೇರಿಸಲು ನೋಡಿದರು. ಹೌ ಒಪ್ಪಲಿಲ್ಲ. ಆಗ ತೈವಾನಿನಲ್ಲಿ ಇದ್ದದ್ದು ಮಾರ್ಷಲ್ ಲಾ, ಅಂದರೆ ಸೇನಾ ಕಾನೂನು. 1949ರಿಂದ 1987ರವರೆಗೆ ಅದು ನಡೆಯಿತು. ಅಂಥ ಕಾಲದಲ್ಲಿ ಒಬ್ಬ ಹುಡುಗ ‘ಆಗಲ್ಲ’ ಎಂದದ್ದು ಸಣ್ಣ ಮಾತಲ್ಲ.

1983ರಲ್ಲಿ ಹೌ ಯಾರೂ ಊಹಿಸದ ಕೆಲಸ ಮಾಡಿದರು. ಹಾಂಗ್‌ಕಾಂಗ್ ಮೂಲಕ ಚೀನಾಕ್ಕೆ ಹೋಗಿಬಿಟ್ಟರು. ತೈವಾನಿನವರು ಆಗ ಅಲ್ಲಿಗೆ ಕಾಲಿಡುವುದೇ ಅಪರಾಧ. ನೆಂಟರನ್ನು ನೋಡಿ ಬರಲು ಅನುಮತಿ ಸಿಕ್ಕಿದ್ದೇ 1987ರ ಕೊನೆಗೆ. ಹೆಂಡತಿ ಮತ್ತು ಪುಟ್ಟ ಮಗ ತೈವಾನಿನಲ್ಲೇ ಉಳಿದರು. ಆ ನದಿಯನ್ನು ನೋಡಬೇಕು, ಅಪ್ಪನ ಊರನ್ನು ನೋಡಬೇಕು ಎಂಬ ಆಸೆ ಅಷ್ಟು ದೊಡ್ಡದಿತ್ತು. ಮನೆಯವರು ಅದಕ್ಕೆ ತೆತ್ತ ಬೆಲೆಯನ್ನು ಮರೆತು ಈ ಕಥೆ ಹೇಳುವುದು ಸರಿಯಲ್ಲ ಎಂದೇ ಇದನ್ನು ಬರೆಯುತ್ತಿದ್ದೇನೆ.

ತೈಪೆ ಹಾಡನ್ನು ನಿಷೇಧಿಸಿತು. ಬೀಜಿಂಗ್ ಸಂಭ್ರಮಿಸಿತು. ತೈವಾನಿನ ದೇಶಪ್ರೇಮದ ಹಾಡು ಬರೆದವನೇ ಇತ್ತ ಬಂದನಲ್ಲ! ಅವರಿಗೆ ಓರಿಯಂಟಲ್ ಸಾಂಗ್ ಅಂಡ್ ಡ್ಯಾನ್ಸ್ ತಂಡದಲ್ಲಿ ಕೆಲಸ ಸಿಕ್ಕಿತು. ಚೆಂಗ್ ಲಿನ್ ಎಂಬ ಯುವ ಗಾಯಕಿಗೆ ಹಾಡು ಬರೆದುಕೊಟ್ಟರು. ಆದರೆ ಅವರು ಬಂದ ವರ್ಷದ ಕೊನೆಗೇ ಚೀನಾದಲ್ಲಿ ‘ಮಾನಸಿಕ ಮಾಲಿನ್ಯ’ದ ವಿರುದ್ಧ ಚಳವಳಿ ಶುರುವಾಯಿತು. ಪಾಪ್ ಹಾಡು, ಉದ್ದ ಕೂದಲು, ಬಿಗಿ ಪ್ಯಾಂಟು ಎಲ್ಲದರ ಮೇಲೂ ಕಣ್ಣು. ಕಂಡಿರದ ದೇಶ ಕಣ್ಣೆದುರಿಗೆ ಬಂದಾಗ ಕನಸಿನಂತಿರಲಿಲ್ಲ. ಅಲ್ಲೂ ಹೌ ಯಾರ ಕೈಗೊಂಬೆಯೂ ಆಗಲಿಲ್ಲ.

1989ರ ವಸಂತದಲ್ಲಿ ಬೀಜಿಂಗಿನ ತಿಯಾನನ್‌ಮೆನ್ ಚೌಕದಲ್ಲಿ ಪ್ರಜಾಪ್ರಭುತ್ವ ಬೇಕೆಂದು ವಿದ್ಯಾರ್ಥಿಗಳು ಸೇರಿದರು. ಅವರು ಹಾಡಿದ ಹಾಡುಗಳಲ್ಲಿ ‘ಡ್ರ್ಯಾಗನ್ ವಂಶಸ್ಥರು’ ಕೂಡ ಇತ್ತು. ಮೇ 27ರಂದು ಹಾಂಗ್‌ಕಾಂಗ್‌ನ ಹ್ಯಾಪಿ ವ್ಯಾಲಿ ರೇಸ್‌ಕೋರ್ಸ್‌ನಲ್ಲಿ ಚಳವಳಿಗಾಗಿ ದೊಡ್ಡ ಸಂಗೀತ ಕಾರ್ಯಕ್ರಮ ನಡೆಯಿತು. ಹೌ ಅಲ್ಲಿ ಹಾಡಿದರು. ಎರಡು ಕಡೆ ತಿದ್ದಿ ಹಾಡಿದರು. ಕತ್ತಿ ಈಗ ಸರ್ವಾಧಿಕಾರಿಗಳದ್ದಾಯಿತು. ಕಪ್ಪು ಕಣ್ಣು, ಕಪ್ಪು ಕೂದಲು, ಹಳದಿ ಚರ್ಮದ ಸಾಲನ್ನು ತೆಗೆದು ‘ನಿನಗೆ ಇಷ್ಟವಿರಲಿ, ಇಲ್ಲದಿರಲಿ’ ಎಂದು ಹಾಡಿದರು.

ಈ ಎರಡನೇ ತಿದ್ದುಪಡಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ವಿದ್ಯಾರ್ಥಿ ನಾಯಕರಲ್ಲಿ ಒಬ್ಬನಾದ ವುಅರ್ ಕೈಶಿ ವೀಗರ್ ಜನಾಂಗದವನು. ಚೀನಾದಲ್ಲಿ ವೀಗರರಿದ್ದಾರೆ, ಟಿಬೆಟನ್ನರಿದ್ದಾರೆ, ಇನ್ನೂ ಎಷ್ಟೋ ಜನಾಂಗಗಳಿವೆ. ಚರ್ಮದ ಬಣ್ಣ ನೋಡಿ ‘ನೀನು ನಮ್ಮವನು’ ಎನ್ನುವ ಹಾಡಿನಲ್ಲಿ ಅವರಿಗೆಲ್ಲ ಜಾಗವೆಲ್ಲಿ? ಹಾಡು ಬರೆದು ಹತ್ತು ವರ್ಷವಾದ ಮೇಲೆ, ಕೋಟ್ಯಂತರ ಜನ ಬಾಯಿಪಾಠ ಮಾಡಿದ ಮೇಲೆ, ತನ್ನದೇ ಅತಿ ಜನಪ್ರಿಯ ಸಾಲನ್ನು ತೆಗೆದುಹಾಕಲು ಧೈರ್ಯ ಬೇಕು.

ಹೌ ಹಾಂಗ್‌ಕಾಂಗ್‌ನಿಂದ ಬೀಜಿಂಗಿಗೆ ಮರಳಿದರು. ಜೂನ್ 2ರಂದು ನಾಲ್ವರು ಚೌಕದ ಹುತಾತ್ಮರ ಸ್ಮಾರಕದ ಬುಡದಲ್ಲಿ ಉಪವಾಸ ಕೂತರು: ವಿಮರ್ಶಕ ಲಿಯು ಶಿಯಾವೊಬೊ, ಸಮಾಜಶಾಸ್ತ್ರಜ್ಞ ಝೌ ದುವೊ, ಪತ್ರಿಕಾ ಸಂಪಾದಕ ಗಾವೊ ಶಿನ್ ಮತ್ತು ಹೌ. ತಮಗೆ ಶತ್ರುಗಳಿಲ್ಲ, ದ್ವೇಷ ನಮ್ಮ ಬುದ್ಧಿಯನ್ನು ಕೆಡಿಸಬಾರದು ಎಂದು ಅವರ ಘೋಷಣೆ ಹೇಳಿತು. ಸರ್ಕಾರದ ತಪ್ಪನ್ನೂ ವಿದ್ಯಾರ್ಥಿಗಳ ತಪ್ಪನ್ನೂ ಎತ್ತಿ ಆಡಿತು. ಪಾಪ್ ತಾರೆ ಬಂದಿದ್ದಾರೆ ಎಂದು ಚೌಕದಲ್ಲಿ ಮತ್ತೆ ಜನ ಸೇರಿದರು.

ಮರುದಿನ ರಾತ್ರಿ ಸೈನ್ಯ ನಗರಕ್ಕೆ ನುಗ್ಗಿತು. ಮುಕ್ಸಿದಿ ಕಡೆಯಿಂದ, ಚಾಂಗ್‌ಆನ್ ರಸ್ತೆಯುದ್ದಕ್ಕೂ ಗುಂಡು ಹಾರಿತು. ಜನ ಸತ್ತರು. ಜೂನ್ 4ರ ನಸುಕಿಗೆ ಮುಂಚೆ ಸೈನಿಕರು ಚೌಕವನ್ನು ಸುತ್ತುವರಿದಿದ್ದರು. ಒಳಗೆ ಸಾವಿರಾರು ವಿದ್ಯಾರ್ಥಿಗಳು. ಆಗ ಹೌ ಮತ್ತು ಝೌ ದುವೊ ಇಬ್ಬರು ವೈದ್ಯರ ಜೊತೆ ಆಂಬ್ಯುಲೆನ್ಸ್ ಹತ್ತಿ ಸೈನ್ಯದ ಕಡೆಗೆ ಹೊರಟರು. ಹುಡುಗರು ಹೊರಗೆ ಹೋಗಲು ದಾರಿ ಬಿಡಿ ಎಂದು ಅಧಿಕಾರಿಯ ಬಳಿ ಮಾತಾಡಿದರು. ಆಗ್ನೇಯ ಮೂಲೆಯಿಂದ ಹೋಗಬಹುದು ಎಂಬ ಉತ್ತರ ಸಿಕ್ಕಿತು. ವಾಪಸ್ ಬಂದು ವಿದ್ಯಾರ್ಥಿಗಳನ್ನು ಬೇಡಿಕೊಂಡರು. ಉಳಿಯುವವರು ಕೂಗಿದರು, ಹೋಗುವವರು ಕೂಗಿದರು. ಹೋಗುವವರ ದನಿ ಗೆದ್ದಿತೆಂದು ತೀರ್ಮಾನವಾಯಿತು. ಬೆಳಕು ಹರಿಯುವಾಗ ಸಾಲುಗಟ್ಟಿ ಹೊರನಡೆದರು. ಆ ಹಾಡಿಗಿಂತ ಈ ಒಂದು ಗಂಟೆಗಾಗಿ ಹೌ ದೆಜಿಯನ್ ಹೆಸರು ಉಳಿಯಬೇಕಿತ್ತು.

ಅದಾದ ಮೇಲೆ ಅವರಿಗೆ ಸಿಕ್ಕಿದ್ದು ಬೈಗುಳ. ಹಲವು ವಾರ ಬೀಜಿಂಗಿನ ಆಸ್ಟ್ರೇಲಿಯಾ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದು ಹೊರಬಂದ ಹೌ, ಕಂಡದ್ದನ್ನು ಕಂಡ ಹಾಗೆ ಹೇಳಿದರು. ವಿದ್ಯಾರ್ಥಿಗಳು ಚೌಕದಿಂದ ಹೊರಡುವಾಗ ಚೌಕದೊಳಗೆ ಯಾರೂ ಸತ್ತದ್ದನ್ನು ತಾನು ನೋಡಿಲ್ಲ ಎಂದರು. ಹೊರಗಿನ ರಸ್ತೆಗಳಲ್ಲಿ ನಡೆದ ಕೊಲೆಗಳನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಸರ್ಕಾರ ಅವರ ಮಾತಿನ ಅಷ್ಟು ಭಾಗವನ್ನು ಎತ್ತಿಕೊಂಡು ತನ್ನ ಪ್ರಚಾರಕ್ಕೆ ಬಳಸಿತು. ಚಳವಳಿಯ ಕಡೆಯ ಎಷ್ಟೋ ಜನ ಅವರನ್ನು ದ್ರೋಹಿ ಎಂದರು. ಸುಳ್ಳು ಹೇಳುವವರ ವಿರುದ್ಧ ಹೋರಾಡಲು ನಾವೂ ಸುಳ್ಳು ಹೇಳಬೇಕೇ ಎಂಬುದು ಅವರ ಪ್ರಶ್ನೆಯಾಗಿತ್ತು. ಹತ್ತು ಜನರ ಸಾವು ಸಾಕಾಗದೆ ಅದನ್ನು ಸಾವಿರ ಮಾಡುವ ಅಗತ್ಯ ಸತ್ಯಕ್ಕೆ ಇಲ್ಲ, ಅಲ್ವಾ? ಸುಮ್ನೆ ಇದ್ದುಬಿಟ್ಟಿದ್ದರೆ ಅವರು ವೀರನಾಗಿಯೇ ಉಳಿಯುತ್ತಿದ್ದರು.

ಸರ್ಕಾರಕ್ಕೂ ಅವರು ಬೇಗ ಬೇಡವಾದರು. ಲಿಯು ಶಿಯಾವೊಬೊ ಜೈಲಿನಲ್ಲಿದ್ದರು. 1990ರಲ್ಲಿ, ಮೊದಲ ವರ್ಷದ ನೆನಪಿನ ಹೊತ್ತಿಗೆ, ಗೆಳೆಯನ ಬಿಡುಗಡೆ ಕೇಳಲು ಹೌ, ಝೌ, ಗಾವೊ ಪತ್ರಿಕಾಗೋಷ್ಠಿಗೆ ಸಿದ್ಧರಾದರು. ಅದು ನಡೆಯಲೇ ಇಲ್ಲ. ಮೂವರನ್ನೂ ಹಿಡಿದರು. ಜೂನ್‌ನಲ್ಲಿ ಹೌ ಅವರನ್ನು ಫುಜಿಯನ್ ಕರಾವಳಿಗೆ ಒಯ್ದು, ಸಮುದ್ರದ ಮಧ್ಯೆ ತೈವಾನಿನ ಮೀನುಗಾರಿಕಾ ದೋಣಿಯೊಂದಕ್ಕೆ ಹತ್ತಿಸಿ ಕಳಿಸಿದರು. ಕಾನೂನು ಮುರಿದು ಬಿಟ್ಟುಬಂದಿದ್ದ ದ್ವೀಪಕ್ಕೆ ಹೀಗೆ ವಾಪಸಾದರು.

ತೈವಾನ್ ಅಷ್ಟರಲ್ಲಿ ಬದಲಾಗಿತ್ತು. ಮಾರ್ಷಲ್ ಲಾ ಹೋಗಿತ್ತು. ದ್ವೀಪದ ಹೊಸ ಪೀಳಿಗೆಗೆ ತಾವು ತೈವಾನಿನವರು ಎಂಬ ಭಾವನೆ ಬಲವಾಗುತ್ತಿತ್ತು. ಕಾಣದ ಯಾಂಗ್ತ್ಸೆಗಾಗಿ ಅಳುವ ಹಾಡು ಅವರಲ್ಲಿ ಅನೇಕರಿಗೆ ತಮ್ಮದೆನಿಸಲಿಲ್ಲ. ಹೌ ಕೆಲ ಕಾಲದಲ್ಲೇ ನ್ಯೂಜಿಲೆಂಡಿಗೆ ಹೋದರು. ಹಳೆಯ ಚೀನೀ ಶಾಸ್ತ್ರಗ್ರಂಥಗಳ ಅಧ್ಯಯನಕ್ಕೆ ತೊಡಗಿದರು. 2000ದ ದಶಕದಲ್ಲಿ ಮತ್ತೆ ಬೀಜಿಂಗಿನಲ್ಲಿ ಇರತೊಡಗಿದರು. 2011ರಲ್ಲಿ ಬೀಜಿಂಗಿನ ಬರ್ಡ್ಸ್ ನೆಸ್ಟ್ ಕ್ರೀಡಾಂಗಣದ ವೇದಿಕೆಯ ಮೇಲೂ ಕಾಣಿಸಿಕೊಂಡರು. ಅದರ ಹಿಂದಿನ ವರ್ಷವಷ್ಟೇ ಲಿಯು ಶಿಯಾವೊಬೊಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಿತ್ತು. ಆಗ ಲಿಯು ಮತ್ತೆ ಜೈಲಿನಲ್ಲಿದ್ದರು. ಬಂಧನ ಮುಗಿಯುವ ಮೊದಲೇ 2017ರಲ್ಲಿ ತೀರಿಕೊಂಡರು. ಜೂನ್ 4ರ ಮಾತನ್ನು ಚೀನಾದಲ್ಲಿ ಇವತ್ತಿಗೂ ಬಹಿರಂಗವಾಗಿ ಎತ್ತುವಂತಿಲ್ಲ.

ಹಾಡು ಮಾತ್ರ ತನ್ನ ದಾರಿಯಲ್ಲಿ ನಡೆದಿದೆ. ಈಗಿನ ಯುವಕರಿಗೆ ಹೆಚ್ಚು ಗೊತ್ತಿರುವುದು ವಾಂಗ್ ಲೀಹೋಮ್ 2000ದಲ್ಲಿ ಹಾಡಿದ ರೂಪ. ಅವರು ಅಮೆರಿಕದಲ್ಲಿ ಹುಟ್ಟಿ ಬೆಳೆದವರು, 1980ರಲ್ಲಿ ಇದನ್ನು ಮೊದಲು ಜನಪ್ರಿಯ ಮಾಡಿದ ಲಿ ಜಿಯನ್‌ಫು ಅವರ ಸಂಬಂಧಿ. ನಡುವೆ ತಮ್ಮದೇ ಸಾಲುಗಳನ್ನು ಸೇರಿಸಿದ್ದಾರೆ. ತಮ್ಮ ಮನೆಯವರು ಒಂದು ಶಾಂತ ರಾತ್ರಿ ನ್ಯೂಯಾರ್ಕಿಗೆ ಬಂದಿಳಿದ ಕಥೆ ಅದು. ವಲಸೆ ಬಂದವರ ಮಕ್ಕಳಿಗೆ ಅದು ನೇರ ತಾಗಿತು. ಸಂಗೀತ ಕಾರ್ಯಕ್ರಮಗಳಲ್ಲಿ ಸಾವಿರಾರು ಜನ ಜೊತೆಗೂಡಿ ಹಾಡುತ್ತಾರೆ. ಅವರು ಹಾಡುವುದು ಕಪ್ಪು ಕಣ್ಣು, ಕಪ್ಪು ಕೂದಲು, ಹಳದಿ ಚರ್ಮದ ಹಳೆಯ ಸಾಲನ್ನೇ. ಬರೆದವರು 1989ರಲ್ಲಿ ಮಾಡಿದ ತಿದ್ದುಪಡಿಯನ್ನು ಯಾರೂ ಎತ್ತಿಕೊಳ್ಳಲಿಲ್ಲ.